ನಿಮ್ಮ ಹೆಸರಿನ ಗುಂಡಿಗಳು

ಪ್ರೀತಿಯ ಮೇಷ್ಟ್ರೇ,

ನೀವು ಹೋಗಿ ವರ್ಷ ತುಂಬಿದ ದಿನ ನಿಮ್ಮ ಹಳೇ ವಿದ್ಯಾರ್ಥಿಗಳೆಲ್ಲ ಸೇರಿ ನಿಮಗೆ ಮಾಡಿದ ಮರ್ಯಾದೆಯ ವಿಷಯ ಹೇಳಬೇಕು. ನಾಚಿಕೆಯಾಗುತ್ತದೆ. ನಾಚಿಕೆಗಿಂತ ಹೇಸಿಗೆ ಹೆಚ್ಚು, ಅದರಲ್ಲಿ ಅರ್ಧ ನನ್ನ ಮೇಲೆಯೇ.

ಎಂಟನೇ ಕ್ಲಾಸಿನಲ್ಲಿ ಶಾಲೆಯ ಹಿಂದಿನ ಗೋಡೆಯ ಮೇಲೆ ನೀವು ಪ್ರಪಂಚದ ನಕ್ಷೆ ಬರೆದು, ನಮ್ಮಿಂದ ಬಣ್ಣ ಹಾಕಿಸಿದ್ದು ನೆನಪಿದೆಯಾ? ಮಳೆಕಾಡಿಗೆ ಹಸಿರು, ಮರುಭೂಮಿಗೆ ಕೆಂಪು, ಹಿಮದ ಬಯಲಿಗೆ ಬಿಳಿ, ಆಫ್ರಿಕಾದ ಹುಲ್ಲುಗಾವಲಿಗೆ ಹಳದಿ. ನಮ್ಮ ಮಧುಗಿರಿ ಇರುವ ಕಡೆ ನಾನು ಏನೂ ಬಳಿಯದೆ ಬಿಟ್ಟಿದ್ದೆ. "ಯಾಕಮ್ಮ ಬುಟ್ಟೆ?" ಅಂದಿರಿ. "ಅಲ್ಲೇನೈತೆ ಮೇಷ್ಟ್ರೇ, ಬರೀ ಬಯ್ಲು" ಅಂದೆ. ನೀವು ಹಳದಿ ಬಣ್ಣದ ಕುಂಚವನ್ನು ನನ್ನ ಕೈಗಿಟ್ಟಿರಿ.

ಮರುದಿನವೇ ಪಾವಗಡದ ಕಡೆಯ ಬಸ್ಸು ಹತ್ತಿಸಿ ಆ ಬಯಲಿಗೆ ಕರೆದುಕೊಂಡು ಹೋದಿರಿ. ಕೃಷ್ಣಮೃಗಗಳು ತಲೆಯೆತ್ತಿ ನಮ್ಮನ್ನೇ ನೋಡುತ್ತಿದ್ದವು. "ತೋಳ ಎಷ್ಟು ದೂರದಾಗೈತೆ ಅಂತ ಕಾಣ್ಬೇಕು ಇವಕ್ಕೆ. ಮಧ್ಯ ಮರ ಬೆಳದ್ರೆ ಕಣ್ಣು ಕಟ್ಟಿದಂಗೆ ಕಣಮ್ಮ" ಅಂದಿರಿ. ಜಿಂಕೆ ಮೇಯ್ದರೆ ಹುಲ್ಲು ಮತ್ತೆ ಚಿಗುರುತ್ತದೆ, ತೋಳ ಅಟ್ಟುವುದರಿಂದ ಜಿಂಕೆ ಒಂದೇ ಕಡೆ ನಿಂತು ನೆಲವನ್ನು ಬೋಳು ಮಾಡುವುದಿಲ್ಲ, ಹಿಕ್ಕೆಯನ್ನು ಹುಳ ಮಣ್ಣಿಗಿಳಿಸುತ್ತದೆ, ಆ ಹುಳಕ್ಕೆ ನೆಲಗುಬ್ಬಿ ಕಾದಿರುತ್ತದೆ. ಊಟದ ಡಬ್ಬಿ ತೆರೆಯುವ ಮೊದಲು ಇಷ್ಟನ್ನೂ ನಮ್ಮ ಬಾಯಲ್ಲಿ ಹೇಳಿಸಿದಿರಿ.

ಅದೇ ಬಯಲಿನಲ್ಲಿ, ಮೇಷ್ಟ್ರೇ, ಜೆಸಿಬಿ ತರಿಸಿ ಸಾಲುಸಾಲು ಗುಂಡಿ ತೋಡಿಸಿದೆವು. ನಿಮ್ಮ ಹೆಸರಿನ ಸ್ಮೃತಿವನವಂತೆ. 'ಪಾಳುಭೂಮಿ ಹಸಿರಾಗಲಿ' ಅಂತ ಬ್ಯಾನರು ಬೇರೆ. ಒಬ್ಬರು ಸಸಿ ಹಿಡಿದರೆ ಆರು ಜನ ಫೋಟೊಗೆ ನಿಂತರು. ಸಸಿಯ ಪ್ಲಾಸ್ಟಿಕ್ ಕವರು, ಪಲಾವ್ ತಿಂದ ತಟ್ಟೆ ಎಲ್ಲ ಅಲ್ಲೇ ಬಿಸಾಕಿ, ಸಸಿ ನೆಡದ ಗುಂಡಿಗಳನ್ನು ತೆರೆದೇ ಬಿಟ್ಟು ಕಾರು ಹತ್ತಿದರು. ಥೂ. ನಾನೂ ಹಲ್ಲು ಕಿರಿದುಕೊಂಡು ನಿಂತಿದ್ದೆ, ಕೊರಟಗೆರೆಯ ಹೈಸ್ಕೂಲಿನಲ್ಲಿ ನಿಮ್ಮದೇ ಪಾಠ ಮಾಡುವವಳು! ವನದ ಬೋರ್ಡಿಗೆ ನಿಮ್ಮ ಹೆಸರು ಬರೆಸಿದ್ದೂ ನಾನೇ. ಬಾಯಿ ಬಿಡಬಹುದಿತ್ತು. ನಾಲ್ಕು ಜನರ ಎದುರು ಯಾಕೆ ಅಪಸ್ವರ ಅಂತ...

ಎರಡು ತಿಂಗಳ ಮೇಲೆ ಒಬ್ಬಳೇ ಹೋದೆ. ಕುರಿ ಕಾಯುವ ಕರಿಯಣ್ಣ, ಅಲ್ಲಿಗೆ ಹೋದಾಗಲೆಲ್ಲ ನಿಮಗೆ ಮಜ್ಜಿಗೆ ಕೊಡುತ್ತಿದ್ದವನು, ಗುಂಡಿಯ ಪಕ್ಕ ಕೂತಿದ್ದ. "ಜಿಂಕೆ ಈ ಕಡೀಕೆ ಬರಾದೇ ಬುಟ್ಬುಟ್ಟವೆ. ಮರಿ ಒಂದು ಗುಂಡೀಗೆ ಬಿದ್ದು ಕಾಲು ಮುರ್ಕಂಡು ಸತ್ತೋಯ್ತು" ಅಂದ. ಆಮೇಲೆ ಬೋರ್ಡಿನ ಕಡೆ ಕೈ ಮಾಡಿ, "ನಂಗೆ ಓದಾಕೆ ಬರಲ್ಲ. ಏನ್ ಬರ್ದವ್ರೆ ನೋಡಮ್ಮ" ಅಂದ. ಓದಿದೆ. ಅವನು ಕೇಳಿದ: "ಹಿಂಗೆ ಮಾಡಿ ಅಂತ ಮೇಷ್ಟ್ರೇ ಹೇಳೋಗಿದ್ರಾ?"

ಅವನಿಗೆ ಏನು ಹೇಳಲಿ, ನೀವೇ ಹೇಳಿ?

ಹೋದ ಭಾನುವಾರ ಸಲಿಕೆ ಹಿಡಿದು ಹೋದೆ. ಸಸಿಗಳನ್ನು ಕಿತ್ತು ತಂದು ನಾನು ಪಾಠ ಮಾಡುವ ಶಾಲೆಯ ಬೇಲಿಗುಂಟ ನೆಟ್ಟಿದ್ದೇನೆ. ಗುಂಡಿ ಮುಚ್ಚಲು ಕರಿಯಣ್ಣನೂ ಕೈಜೋಡಿಸಿದ. ವಾಟ್ಸಾಪ್ ಗುಂಪಿನಲ್ಲಿ ನನ್ನನ್ನು ಗುರುದ್ರೋಹಿ ಎಂದು ಬೈಯುತ್ತಿದ್ದಾರೆ, ಬೈದುಕೊಳ್ಳಲಿ. ಇನ್ನೂ ಅರ್ಧದಷ್ಟು ಗುಂಡಿಗಳಿವೆ, ಮಳೆಗಾಲದೊಳಗೆ ಮುಚ್ಚುತ್ತೇನೆ. ಬೋರ್ಡನ್ನು ಮೊದಲೇ ಕಿತ್ತೆ. ಹುಲ್ಲು ಎದ್ದು ಬಯಲು ಮತ್ತೆ ಹಳದಿಯಾದಾಗ ಅಲ್ಲಿ ನಿಮ್ಮ ಹೆಸರು ಎಲ್ಲೂ ಇರುವುದಿಲ್ಲ, ಮೇಷ್ಟ್ರೇ. ಮಾತು ಕೊಡುತ್ತೇನೆ.

ಬಣ್ಣ ಬಳಿಯದೆ ಬಿಟ್ಟಿದ್ದ
ನಿಮ್ಮ ಹುಡುಗಿ