ಎಡಗೈಗೆ ಕೂತ ಗರಗಸ

ಗುರುವಾರ, ಮಧ್ಯಾಹ್ನ

ಎಡಗೈ ಮೇಸ್ತ್ರಿಗಳಿಗೆ,

ನಿಮ್ಮ ಮನೆಯವಳ ನಮಸ್ಕಾರ. ಮೂರು ವರ್ಷ ಇಲ್ಲದ ಕಾಗದ ಈಗೇಕೆ ಎಂದು ಹುಬ್ಬು ಗಂಟಿಕ್ಕಬೇಡಿ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಎಲ್ಲರೂ ಎಂದರೆ ನಾನು ಮತ್ತು ನಿಮ್ಮ ಮಗಳು. ವಿಷಯ ಏನೆಂದರೆ, ಬರುವ ಸೋಮವಾರ ಪುಟ್ಟಿ ಕೆಲಸಕ್ಕೆ ಸೇರುತ್ತಾಳೆ. ಬಾಗಿಲು, ಕಿಟಕಿ ಮಾಡುವ ಕಾರ್ಖಾನೆ. ಹೌದು, ಮರಗೆಲಸವೇ, ನೀವು ಬೇಡವೇ ಬೇಡ ಎಂದ ಕೆಲಸವೇ. ಅದಕ್ಕೆ ಮೊದಲು ನೀವೊಮ್ಮೆ ಮನೆಗೆ ಬರಬೇಕು. ಏಕೆ ಎಂದು ಮುಂದೆ ಬರೆಯುತ್ತೇನೆ. ಮಾತಿನಮಲ್ಲಿ ಎಂದು ಹೆಸರಿಟ್ಟವರು ನೀವೇ ತಾನೆ, ಸ್ವಲ್ಪ ತಾಳಿಕೊಳ್ಳಿ.

ಆ ಕಾರ್ಖಾನೆಯಲ್ಲಿ ಯಂತ್ರಗಳೆಲ್ಲ ಅವರವು, ಕೈಯ ಹತಾರ ಮಾತ್ರ ಅವರವರೇ ತರಬೇಕಂತೆ. ಮಂಗಳವಾರ ಅಮ್ಮ, ಮಗಳು ಇಬ್ಬರೂ ಹತಾರದ ಅಂಗಡಿಗೆ ಹೊರಟೆವು. ಅಂಗಡಿಯೊಳಗೆ ಕಾಲಿಡುತ್ತಲೇ ಪುಟ್ಟಿಯ ಕಣ್ಣು ಒಂದು ಕೆಂಪು ಪೆಟ್ಟಿಗೆಯ ಮೇಲೆ ಬಿತ್ತು. ಒಳಗೆ ಸಾಲು ಸಾಲಾಗಿ ಸುತ್ತಿಗೆ, ಇಕ್ಕಳ, ಸ್ಕ್ರೂಡ್ರೈವರ್, ಇನ್ನೂ ಏನೇನೋ, ಎಲ್ಲ ಫಳಫಳ. ಬೆಳ್ಳಗಿರುವುದೆಲ್ಲ ಹಾಲಲ್ಲ ಕಣೇ ಎಂದು ಒಂದು ಸ್ಕ್ರೂಡ್ರೈವರ್ ತೆಗೆದು, ಅಲ್ಲೇ ಹಲಗೆಯಲ್ಲಿ ಬಿಗಿದುಕೊಂಡಿದ್ದ ಒಂದು ಹಳೆಯ ಸ್ಕ್ರೂವಿಗೆ ಇಟ್ಟು ತಿರುಗಿಸಿದೆ. ಸ್ಕ್ರೂ ಅಲ್ಲಾಡಲಿಲ್ಲ, ಸ್ಕ್ರೂಡ್ರೈವರಿನ ಮೂತಿಯೇ ತಿರುಚಿಕೊಂಡಿತು. ಅಂಗಡಿಯಾತ ಪೆಟ್ಟಿಗೆ ಮುಚ್ಚಿ ಒಳಗಿಟ್ಟ. ನಾಲ್ಕೇ ಹತಾರ ಇರಲಿ, ಆದರೆ ಮೊಮ್ಮಕ್ಕಳ ಕಾಲಕ್ಕೂ ಇರಲಿ ಎನ್ನುತ್ತಿದ್ದಿರಲ್ಲ, ಅದನ್ನೇ ನನ್ನ ಮಾತೆಂಬಂತೆ ಮಗಳಿಗೆ ಹೇಳಿದೆ.

ಮೂಲೆ ಸರಿಯಿದೆಯೇ ಎಂದು ಅಳೆಯುವ ಮೂಲೆಮಟ್ಟದ ಸರದಿ ಬಂದಾಗ ನನಗೆ ನಗು ತಡೆಯಲಾಗಲಿಲ್ಲ. ನೆನಪಿದೆಯೇ? ಮದುವೆಯಾದ ಹೊಸತರಲ್ಲಿ ಸುತ್ತಾಡಿಸುತ್ತೇನೆ ಎಂದು ಕರೆದುಕೊಂಡು ಹೋಗಿ, ರೈಲು ಸೇತುವೆ ಪಕ್ಕದ ಹತಾರದ ಅಂಗಡಿಯಲ್ಲಿ ನಿಲ್ಲಿಸಿದಿರಿ. ನಾನು ಹೊಸ ಚಪ್ಪಲಿ ಬೇರೆ ಮೆಟ್ಟಿಕೊಂಡು ಬಂದಿದ್ದೆ. ನೀವು ಹಲಗೆಯ ಅಂಚಿಗೆ ಮೂಲೆಮಟ್ಟ ಒತ್ತಿ ಒಂದು ಗೆರೆ ಎಳೆಯುವುದು, ಅದನ್ನು ಮಗುಚಿಟ್ಟು ಅದೇ ಚುಕ್ಕೆಯಿಂದ ಇನ್ನೊಂದು ಗೆರೆ ಎಳೆಯುವುದು, ಬಗ್ಗಿ ನೋಡುವುದು. "ಗೆರೆ ಒಂದಾದ್ರೆ ಸಾಚಾ, ಎರಡಾದ್ರೆ ಕಳ್ಳ" ಎಂದಿರಿ. ಎಂಥ ಹುಚ್ಚನಿಗೆ ಕಟ್ಟಿದರಪ್ಪಾ ನನ್ನನ್ನು ಎಂದುಕೊಂಡೆ. ಆದರೆ ಹೊರಡುವ ಹೊತ್ತಿಗೆ ನೀವು ಸಾಚಾ ಎಂದಿಟ್ಟ ಒಂದನ್ನು ಕಳ್ಳ ಎಂದು ಹಿಡಿದವಳು ನಾನೇ. ಅದನ್ನು ನೀವು ಬೀದಿಗೆಲ್ಲ ಸಾರಿಕೊಂಡು ಬಂದಿರಿ. ಹೊಗಳಿಸಿಕೊಂಡ ಖುಷಿಗೆ ಚಪ್ಪಲಿ ಕಚ್ಚಿದ್ದೂ ಗೊತ್ತಾಗಿರಲಿಲ್ಲ.

ಆಗ ನಮ್ಮದು ಒಂದೇ ಕೋಣೆ. ಮಂಚ ಹಾಕುವ ಜಾಗದಲ್ಲಿ ನಿಮ್ಮ ಕೆಲಸದ ಮೇಜು ನಿಂತಿತ್ತು, ನಾವು ಅದರ ಕೆಳಗೆ ಮಲಗುತ್ತಿದ್ದೆವು. ನೀವು ಉಜ್ಜುಗೊರಡು ಆಡಿಸಿದರೆ ಸುರುಳಿ ಸುರುಳಿ ಮರದ ಸಿಪ್ಪೆ ನನ್ನ ತಲೆಯ ಮೇಲೆಯೇ. ಪಕ್ಕದ ಮನೆಯಾಕೆ "ಯಾವಾಗ್ರೀ ಕೂದಲು ಗುಂಗುರು ಮಾಡಿಸ್ಕೊಂಡ್ರಿ?" ಎಂದು ಕೇಳಿದ್ದಳು. ಈಗ ಮನೆಯಲ್ಲಿ ಮೂರು ಕೋಣೆಗಳಿವೆ. ಗುಡಿಸಿದರೆ ಬರೀ ಧೂಳು ಬರುತ್ತದೆ, ಸಿಪ್ಪೆ ಇಲ್ಲ. ಆ ವಾಸನೆ ಇಲ್ಲದ ಮನೆ ನನಗೆ ಇನ್ನೂ ಒಗ್ಗಿಲ್ಲ.

ಅಂಗಡಿಯ ಮಾತಿಗೆ ಬರುತ್ತೇನೆ. ಸುತ್ತಿಗೆಯ ಕಾವಿನಲ್ಲಿ ಮರದ ನಾರು ಉದ್ದಕ್ಕೆ ಓಡಿದೆಯೇ ನೋಡಿದೆ. ಉಳಿಗಳ ಬೆನ್ನನ್ನು ಗಾಜಿನ ಮೇಲಿಟ್ಟು ನಡುವೆ ಬೆಳಕು ತೂರುತ್ತದೆಯೇ ನೋಡಿದೆ. ಗರಗಸದ ಅಲಗನ್ನು ಬಾಗಿಸಿ ಬಿಟ್ಟರೆ ಗೆರೆ ಎಳೆದ ಹಾಗೆ ನೇರವಾಗಬೇಕು, ಅದೂ ಆಯಿತು. ಆದರೆ ಯಾವ ಗರಗಸದ ಹಿಡಿಯೂ ಕೈಗೆ ಕೂರದು. ಒಂದು ಚುಚ್ಚುತ್ತದೆ, ಇನ್ನೊಂದು ಜಾರುತ್ತದೆ. ಕೊನೆಗೆ ಅಂಗಡಿಯಾತ ನನ್ನನ್ನೇ ಒಂದು ಗಳಿಗೆ ನೋಡಿ, ಒಳಗಿನಿಂದ ಧೂಳು ಹಿಡಿದ ಒಂದನ್ನು ತಂದ. ಯಾರೋ ಹೇಳಿ ತರಿಸಿ, ಒಯ್ಯದೆ ಬಿಟ್ಟಿದ್ದಂತೆ. "ಇದಕ್ಕೆ ತಕ್ಕ ಗಿರಾಕಿ ಇವತ್ತು ಬಂದ್ರಿ ನೋಡಿ" ಎಂದ. ಹಿಡಿದರೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಒಳ್ಳೆಯದನ್ನು ಆರಿಸುವ ನನ್ನ ಕಣ್ಣನ್ನು ಮೆಚ್ಚಿದ ಎಂದು ಬೀಗಿಕೊಂಡು ಮನೆಗೆ ಬಂದೆ.

ಮನೆಯಲ್ಲಿ ಪುಟ್ಟಿ ಹಲಗೆಯೊಂದನ್ನು ಕೊಯ್ಯಲು ಕೂತಳು. ನಾಲ್ಕು ಸಲ ಎಳೆದು, ಹಿಡಿ ಅಂಗೈಗೆ ಒತ್ತುತ್ತಿದೆ ಎಂದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಗೇಲಿ ಮಾಡಿದೆ. ಅವಳು ಗರಗಸವನ್ನು ಆಚೆ ಕೈಗೆ ಬದಲಾಯಿಸಿ, ತಿರುಗಿಸಿ ನೋಡಿ, "ಅಮ್ಮಾ, ಇದು ಎಡಗೈಯವರದ್ದು" ಎಂದಳು. ಹೆಬ್ಬೆರಳು ಕೂರಲು ಹಿಡಿಯಲ್ಲಿ ಕೊರೆದ ಜಾಗ ನೋಡಿದೆ, ನಿಜ. ಅವಳು ಬಿದ್ದು ಬಿದ್ದು ನಕ್ಕಳು. ಆಮೇಲೆ ಮೆಲ್ಲಗೆ, "ಅಂಗಡೀಲಿ ನೀನು ಎಲ್ಲಾನೂ ಎಡಗೈಲೇ ಹಿಡಿದು ನೋಡ್ತಿದ್ದೆ. ನನಗೆ ತಂದಿದ್ದಲ್ಲ ಬಿಡು, ಅಪ್ಪನಿಗೆ ತಂದಿದ್ದೀಯ" ಎಂದಳು.

ಒಳಗೆ ಹೋಗಿ ಸುಮ್ಮನೆ ನೀರು ಕುಡಿದೆ. ನಾನು ಬಲಗೈಯವಳು, ಮಗಳೂ ಬಲಗೈಯವಳೇ. ಆದರೆ ಇಪ್ಪತ್ತು ವರ್ಷ ನಿಮ್ಮ ಎಡಕ್ಕೆ ನಿಂತು ಉಳಿ, ಸುತ್ತಿಗೆ ಕೊಟ್ಟವಳಿಗೆ ಹತಾರ ಎಂದರೆ ನಿಮ್ಮ ಕೈಯೇ. ಹಿಡಿಯ ಮೇಲೆ ನೀವು ಬೆರಳು ಮಡಿಸುವ ರೀತಿ ನನ್ನ ಕೈಗೆ ಬಾಯಿಪಾಠವಾಗಿದೆ. ಇದು ನನಗೇ ಗೊತ್ತಿರಲಿಲ್ಲ.

ಮರುದಿನ ಹೋಗಿ ಪುಟ್ಟಿಗೆ ಬಲಗೈಯದ್ದು ತಂದೆವು. ಅಂಗಡಿಯಾತ ಮೊದಲಿನದನ್ನು ವಾಪಸ್ ತೆಗೆದುಕೊಳ್ಳುತ್ತೇನೆ ಎಂದ. ನಾನೇ ಕೊಡಲಿಲ್ಲ.

ಹಳೆಯ ಜಗಳವನ್ನು ಕೆದಕಲು ಕೂತಿಲ್ಲ. "ಮರಗೆಲಸ ನನ್ನ ಬೆನ್ನು ಮುರಿದದ್ದು ಸಾಕು, ಮಗಳದ್ದೂ ಮುರಿಯುವುದು ಬೇಡ" ಎಂದಿರಿ. ನಾನು ಅವಳ ಪರ ನಿಂತೆ. ಕೊಡಲಿ ಕಾವು ಕುಲಕ್ಕೆ ಸಾವು ಎಂದು ನನಗೇ ಅಂದು, ಹತಾರದ ಪೆಟ್ಟಿಗೆ ಹೊತ್ತು ಬಂದರಿನಲ್ಲಿ ದೋಣಿ ಕಟ್ಟುವ ಕೆಲಸಕ್ಕೆ ಹೊರಟುಬಿಟ್ಟಿರಿ. ಹೋಗಬೇಡಿ ಎಂದು ನಾನು ಅನ್ನಲಿಲ್ಲ, ಬಾ ಎಂದು ನೀವು ಕರೆಯಲಿಲ್ಲ. ಇಬ್ಬರದ್ದೂ ಒಂದೇ ಜಾತಿಯ ಮರ, ಬಾಗುವುದು ಗೊತ್ತಿಲ್ಲ. ನಿಮಗೆ ಇದ್ದದ್ದು ಅವಳ ಬೆನ್ನಿನ ಬಗ್ಗೆ ಭಯ, ಅವಳ ಮೇಲಿನ ಸಿಟ್ಟಲ್ಲ ಎಂಬುದು ನನಗೆ ಆಗಲೂ ಗೊತ್ತಿತ್ತು. ಅವಳಿಗೆ ಈಗ ಗೊತ್ತಾಗಿದೆ.

ಈಗ ಕರೆಯುವ ಕಾರಣ. ಹೊಸ ಉಳಿಗೆ ಮೊದಲ ಸಾಣೆಯನ್ನು ಕೆಲಸ ಬಲ್ಲ ಮನೆಯವರೇ ಹಿಡಿಯಬೇಕು ಎನ್ನುವುದು ನಿಮ್ಮ ಮನೆತನದ ಮಾತು. ನಿಮ್ಮ ಉಳಿಗೆ ಮಾವ ಹಿಡಿದರು, ಅವರದಕ್ಕೆ ಅವರ ಅಪ್ಪ. ಪುಟ್ಟಿಯ ಉಳಿಗಳು ಎಣ್ಣೆ ಕಾಗದದಲ್ಲಿ ಸುತ್ತಿಕೊಂಡು ಹಾಗೆಯೇ ಕೂತಿವೆ. ಮೊಂಡು ಉಳಿ ಹಿಡಿದು ಮಗಳು ಮೊದಲ ದಿನ ಹತ್ತು ಜನರೆದುರು ನಗೆಪಾಟಲಾಗಬೇಕೇ? ಇವತ್ತಿನ ಬಸ್ಸಿನಲ್ಲೇ ಈ ಕಾಗದ ಕಳಿಸುತ್ತಿದ್ದೇನೆ, ಶನಿವಾರದ ಬಸ್ಸು ಹಿಡಿದರೆ ಸಂಜೆಗೆ ಇಲ್ಲಿರುತ್ತೀರಿ. ನನಗಾಗಿ ಏನೂ ಕೇಳುತ್ತಿಲ್ಲ, ಇದು ಅವಳಿಗಾಗಿ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಗಾಳಿಗೆ ಕಿವಿ ಮುಚ್ಚಿಕೊಳ್ಳಿ.

ಇಂತಿ,
ನಿಮ್ಮ ಮಾತಿನಮಲ್ಲಿ

ತಾ.ಕ.: ಲಕೋಟೆ ಅಂಟಿಸಲು ಹೋಗಿ ಮತ್ತೆ ತೆರೆದೆ. ಉಳಿಗಳು ಕಾಯುತ್ತಿವೆ ಎಂದದ್ದು ಸುಳ್ಳು. ನಿನ್ನೆ ಸಂಜೆಯೇ ಪುಟ್ಟಿ ಸಾಣೆಕಲ್ಲನ್ನು ನನ್ನ ಮುಂದಿಟ್ಟು, "ಕೆಲಸ ಬಲ್ಲ ಮನೆಯವಳು ನೀನೂ ಅಲ್ವಾ, ನೀನೇ ಹಿಡಿ" ಎಂದಳು. ಹಿಡಿದೆ. ತೋಳಿನ ಕೂದಲು ಬೋಳಿಸುವಷ್ಟು ಹರಿತವಾಗಿವೆ. ಇನ್ನು ಇಲ್ಲಿ ನೀವು ಬಂದು ಮಾಡಬೇಕಾದ ಕೆಲಸ ಒಂದೂ ಉಳಿದಿಲ್ಲ. ಸುಮ್ಮನೆ ಬನ್ನಿ.