ಅಪ್ಪನ ಬಾಯಿಂದ ಹೊಗೆ

ರಾಜಾಜಿನಗರ, ಬೆಂಗಳೂರು
೧೧ ಜನವರಿ ೧೯೭೬

ಪ್ರೀತಿಯ ಅಕ್ಕಾ,

ನೀನು, ಭಾವ, ನಾವಿನ್ನೂ ಮುಖ ನೋಡದ ಮಗು ಎಲ್ಲರೂ ಕ್ಷೇಮವೇ? ಮಗುವಿನ ನೆಗಡಿ ಹೋಯಿತೇ? ಬೊಂಬಾಯಿಯ ಆ ಮೂರು ಮಹಡಿ ಹತ್ತಿ ಇಳಿದು ನಿನ್ನ ಮಂಡಿ ಏನೆನ್ನುತ್ತಿದೆ? ಕೆಳಮಹಡಿಗೆ ಮನೆ ಬದಲಾಯಿಸುವ ಮಾತು ಎಲ್ಲಿಗೆ ಬಂತು? ಇಲ್ಲಿ ಅಮ್ಮ ಆರೋಗ್ಯ, ನಾನು ಅತಿ ಆರೋಗ್ಯ. ಅಪ್ಪನ ವಿಷಯ ಮಾತ್ರ ವಿಚಾರಣೆಯಲ್ಲಿದೆ.

ನಡೆದರೆ ಉಸಿರೇ ನಿಂತುಹೋದೀತು ಎಂದು ಹಳೇ ಡಾಕ್ಟರು ಹೆದರಿಸಿದಾಗಿನಿಂದ ಅಮ್ಮ ಅಪ್ಪನನ್ನು ಆರಾಮಕುರ್ಚಿಗೆ ಅಂಟಿಸಿಟ್ಟದ್ದು ನಿನಗೆ ಗೊತ್ತು. ಹೋದ ತಿಂಗಳು ಅಪ್ಪ, ಪಕ್ಕದ ಬೂತಿನಿಂದ ಹಾಲು ತರುವುದಾದರೂ ನನಗಿರಲಿ ಎಂದು ಹಟ ಹಿಡಿದರು. ಹೋದವರು ಬರುವಷ್ಟರಲ್ಲಿ ಡಿಕಾಕ್ಷನ್ ಆರಿರುತ್ತಿತ್ತು. ಹೀಗಿರುವಾಗ ಒಂದು ದಿನ ಎದುರುಮನೆ ಶಿವಗಂಗಮ್ಮನವರು ಬಂದು, "ನಿಮ್ಮೆಜಮಾನ್ರು ಪಾರ್ಕ್ ಹತ್ರ ಬೀಡಿ ಸೇದ್ತಿದ್ರು ಕಣ್ರೀ, ಹೊಗೆ ಬಿಡೋದನ್ನ ಕಣ್ಣಾರೆ ಕಂಡೆ" ಎಂದರು. ಅಮ್ಮ ಕೋಟಿನ ಜೇಬು, ದಿಂಬು, ಊದುಬತ್ತಿ ಡಬ್ಬಿ ಎಲ್ಲವನ್ನೂ ಜಾಲಾಡಿದಳು. ಏನೂ ಸಿಗಲಿಲ್ಲ, ಸಿಗದ್ದರಿಂದಲೇ ಅನುಮಾನ ಇಮ್ಮಡಿಯಾಯಿತು. ಈ ಬಡವನನ್ನು ಪತ್ತೇದಾರನಾಗಿ ನೇಮಿಸಲಾಯಿತು.

ಮಫ್ಲರ್ ಸುತ್ತಿಕೊಂಡು ಹಿಂಬಾಲಿಸಿದೆ. ಅಪ್ಪ ಪಾರ್ಕನ್ನು ಸುತ್ತುತ್ತಿದ್ದರು. ಸ್ವಲ್ಪ ನಡೆದು, ನಿಂತು, ಬಿಸಿ ಕಾಫಿ ಆರಿಸುವವರಂತೆ ತುಟಿ ಮುದುಡಿ ಮೆಲ್ಲಗೆ ಉಸಿರು ಬಿಡುತ್ತಿದ್ದರು. ಚಳಿಗೆ ಅದೇ ಬೆಳ್ಳಗೆ ಹೊಗೆಯಾಡುತ್ತಿತ್ತು. ಬೀಡಿಯ ಸುಳಿವೇ ಇಲ್ಲ.

ಎದುರಿಗೆ ನಿಂತು ಕೇಳಿದಾಗ ಗುಟ್ಟು ಹೊರಬಿತ್ತು. ಆಸ್ಪತ್ರೆಗೆ ಹೊಸದಾಗಿ ಬಂದ ಡಾಕ್ಟರು ಇಂಥ ಉಸಿರಿನ ರೋಗಿಗಳಿಗೆ ವ್ಯಾಯಾಮ ಒಗ್ಗುತ್ತದೋ ಎಂದು ಸಂಶೋಧನೆ ಮಾಡುತ್ತಿದ್ದಾರಂತೆ. ಕೆಲವರಿಗೆ ನಡಿಗೆ, ಕೆಲವರಿಗೆ ವಿಶ್ರಾಂತಿ. ಅಪ್ಪನಿಗೆ ಬಂದದ್ದು ನಡಿಗೆ, ಜೊತೆಗೆ ಆ ತುಟಿ ಮುದುಡುವ ಉಸಿರಾಟದ ಪಾಠ. ನಮ್ಮಪ್ಪನೇನು ಕಾಲೇಜಿನಲ್ಲಿ ಕೊಯ್ಯುವ ಕಪ್ಪೆಯೇ ಎಂದು ನಾನೇ ಹೋಗಿ ದಬಾಯಿಸಿದೆ. ಆತ ಶಾಂತವಾಗಿ, ಗುಣವಾಗುತ್ತದೆಂದು ಮಾತು ಕೊಡಲಾರೆ, ಕೂತೇ ಇದ್ದರೆ ಕಾಲಿನ ಶಕ್ತಿಯೂ ಹೋಗುತ್ತದೆ ಎಂದರು. ಇಷ್ಟು ಪ್ರಾಮಾಣಿಕವಾಗಿ ಮಾತಾಡುವ ಮನುಷ್ಯನನ್ನು ನಂಬುವುದು ಹೇಗೆ? ಆದರೆ ಅಪ್ಪ ಈಗ ನಡುವೆ ಉಸಿರಿಗೆ ನಿಲ್ಲದೆ ಒಂದಿಡೀ ಬೈಗುಳವನ್ನು ಪೂರೈಸಬಲ್ಲರು. ಹಿಂಬಾಲಿಸಿದ್ದಕ್ಕೆ ನನಗೇ ಆ ಪ್ರಸಾದ ಸಿಕ್ಕಿತು.

ಆಮೇಲೆ ಮೆತ್ತಗಾಗಿ, "ಅಮ್ಮಂಗೆ ಹೇಳ್ಬೇಡ ಕಣೋ. ಬೀಡಿ ಅಂದ್ರೆ ಬೈತಾಳೆ, ಅಷ್ಟೆ. ನಡೀತಿದೀನಿ ಅಂದ್ರೆ ಬೀಗಾನೇ ಹಾಕ್ತಾಳೆ. ಯುಗಾದಿಗೆ ಆ ಮೂರು ಮಹಡಿ ನಾನೇ ಹತ್ತಿ ಮಗು ನೋಡ್ಬೇಕು" ಎಂದರು.

ಆದ್ದರಿಂದ ಬೀಡಿಯ ಆಪಾದನೆ ಸಾಬೀತಾಗಿದೆ ಎಂದು ಅಮ್ಮನಿಗೆ ವರದಿ ಒಪ್ಪಿಸಿದೆ. ಈಗ ಅಮ್ಮನ ಅಪ್ಪಣೆಯಂತೆ ದಿನಾ ಅಪ್ಪನ ಜೊತೆ ಕಾವಲಿಗೆ ಹೋಗುತ್ತೇನೆ. ಇಬ್ಬರೂ ಸುತ್ತುತ್ತೇವೆ.

ಭಾವನಿಗೆ ನಮಸ್ಕಾರ, ಮಗುವಿನ ಎರಡೂ ಕೆನ್ನೆಗೆ ಮಾಮನ ಮುತ್ತು.

ನಿನ್ನ ತಮ್ಮ, ಸತ್ಯವಂತ
ಗೋಪಿ

ಮರೆತಿದ್ದೆ: ಅಪ್ಪನ ಬಾಯಲ್ಲಿ ಬೀಡಿ ವಾಸನೆಯೇ ಇಲ್ಲವಲ್ಲ ಎಂದು ಅಮ್ಮ ನಿನ್ನೆಯಿಂದ ಶುರುಮಾಡಿದ್ದಾಳೆ. ಇದನ್ನು ಹರಿದುಹಾಕಿ, ಬೀಡಿ ಬಿಡಿ ಎಂದು ಅಪ್ಪನಿಗೆ ಖಾರವಾಗಿ ಒಂದು ಕಾಗದ ಬರೆ. ನೀನು ಬರೆದರೆ ಅಮ್ಮ ನಂಬುತ್ತಾಳೆ. ಅಪ್ಪ ಹೇಳಿಕಳಿಸಿದ್ದಾರೆ: ಎಷ್ಟು ಬೇಕಾದರೂ ಬೈಯಿ, ನಾನು ಬರುವವರೆಗೆ ಕೆಳಮಹಡಿಗೆ ಮನೆ ಮಾತ್ರ ಬದಲಾಯಿಸಬೇಡ.