ನನ್ನ ಮಿದುಳಿನ ಒಟ್ಲು ಹೇಗಿದೆ?

ಮಿದುಳಿನ ಅಂಗಾಂಶ ಬೆಳೆಸುವ ಪ್ರಯೋಗಾಲಯದ ನಿರ್ದೇಶಕರಿಗೆ,

ಮಾನ್ಯರೇ, ನನ್ನ ಮಿದುಳಿನ ಒಂದು ಚೂರು ತಮ್ಮಲ್ಲಿದೆ. ಅದರ ಯೋಗಕ್ಷೇಮ ವಿಚಾರಿಸಲು ಫೋನು ಮಾಡಿದರೆ, ಫಲಿತಾಂಶವನ್ನು ದಾನಿಗಳಿಗೆ ತಿಳಿಸುವ ಪದ್ಧತಿಯಿಲ್ಲ ಎಂದು ತಮ್ಮ ಕಚೇರಿ ಉತ್ತರಿಸಿತು. ನನ್ನ ತಲೆಯೊಳಗಿನ ಸಂಗತಿಯನ್ನು ನನ್ನಿಂದಲೇ ಮುಚ್ಚಿಡುವ ಕೆಲಸವನ್ನು ನನ್ನ ತಲೆಯೇ ಚೆನ್ನಾಗಿ ಮಾಡುತ್ತಿದೆ. ಅದಕ್ಕೆ ತಮ್ಮ ಸಹಾಯವೂ ಬೇಕೇ?

ನಾನು ಹಲಗೂರಿನ ಕಡೆಯವನು, ಕಥೆ ಹೇಳುವವನು. ಈಚೆಗೊಮ್ಮೆ ಕಥೆಯ ರಾಜಕುಮಾರನನ್ನು ಹೊಳೆಯ ನಡುವೆ ನಿಲ್ಲಿಸಿ ಮುಂದಿನದನ್ನು ಮರೆತುಬಿಟ್ಟೆ. ಹೂಂಗುಡುತ್ತಿದ್ದ ಹೆಂಡತಿ ಸೋಮಮ್ಮ, "ದಡಕ್ಕಾದ್ರೂ ಅತ್ಸು, ನೀರಲ್ಲಿ ನಿಂತು ಅವ್ನಿಗೆ ಸೀತ ಆದಾತು" ಎಂದಳು. ಅಪ್ಪನಿಗೂ ಇದೇ ಮರೆವು, ಕೊನೆಗೆ ನನ್ನನ್ನೇ "ಯಾರಪ್ಪ ನೀನು?" ಎಂದು ಕೇಳಿದ್ದ. ಹಾಗಾಗಿ ತಮ್ಮ ವೈದ್ಯೆ ತನ್ಮಯಿಯವರು, ತೋಳಿನ ಚರ್ಮದ ಚೂರಿನಿಂದ ಎಳ್ಳುಕಾಳಿನಷ್ಟು ಮಿದುಳಿನ ಅಂಗಾಂಶ ಬೆಳೆಸುತ್ತೇವೆ, ಮರೆವಿನ ಔಷಧಿಗಳನ್ನು ಮೊದಲು ಅದರ ಮೇಲೆ ಪರೀಕ್ಷಿಸುತ್ತೇವೆ ಎಂದಾಗ ತೋಳು ಚಾಚಿದೆ.

ಮುಂದಿನ ತಪ್ಪು ನನ್ನದೇ. ಮಂಡ್ಯ ಜಿಲ್ಲೆಯವನಿಗೆ ಬೆಳೆಸುವುದೆಂದರೆ ಕಣ್ಣ ಮುಂದೆ ಬರುವುದು ಒಟ್ಲು, ಭತ್ತದ ಪೈರು ಎಬ್ಬಿಸುವ ಪಾತಿ. ಒಟ್ಲು ಬಿಟ್ಟ ಮೇಲೆ ಪೈರು ಕಿತ್ತು ನಾಟಿ ಮಾಡಲೇಬೇಕಲ್ಲ? ಹೊಸ ಮಿದುಳು ನನ್ನ ತಲೆಗೇ ನಾಟಿಯಾಗುತ್ತದೆಂದು ಊರಿಗೆಲ್ಲ ಸಾರಿಬಿಟ್ಟೆ. ಅದು ಪ್ರಯೋಗಾಲಯದ ತಟ್ಟೆಯಲ್ಲೇ ಉಳಿಯುತ್ತದೆಂದು ವೈದ್ಯೆ ತಿದ್ದುವಷ್ಟರಲ್ಲಿ ತಲೆ ಬೋಳಿಸಿ ಗದ್ದೆ ಹದ ಮಾಡಿಟ್ಟುಕೊಂಡಿದ್ದೆ. ಬಸ್‌ಸ್ಟಾಂಡಿನಲ್ಲಿ ಗೆಳೆಯ ಚಿಕ್ಕಬೋರಯ್ಯ ಸುಮ್ಮನೆ ಬಿಟ್ಟಾನೆಯೇ? "ಲೇ ಸಿದ್ರಾಜ, ನಾಟಿ ಯಾವಾಗ್ಲಾ? ನೀರು ಬುಡೋದು ಮೂಗ್ನಲ್ಲೋ, ಕಿವೀಲೋ?"

ಎಲ್ಲರ ಜೊತೆ ನಾನೂ ನಕ್ಕೆ. ಮಗಳು ದೀಪಿಕ ನಗಲಿಲ್ಲ. ಮನೆಗೆ ಬಂದ ಮೇಲೆ, "ತಾತಂಗೆ ಬಂತು, ನಿಂಗೂ ಬಂತು. ನಂಗೂ ಬತ್ತದಾ ಅಪ್ಪ?" ಎಂದಳು. ತಮ್ಮ ಕಚೇರಿಗೆ ಫೋನು ಮಾಡಿದ್ದು ಅದಾದ ಮೇಲೆ.

ಮಾನ್ಯರೇ, ನನಗೆ ನಾಟಿ ಬೇಡ. ಔಷಧಿ ನನ್ನ ಕಾಲಕ್ಕೆ ಬಾರದಿದ್ದರೆ ಅದೂ ಬೇಡ. ಆದರೆ ಬೀಜ ಕೊಟ್ಟವನನ್ನು ಬದುವಿನ ಮೇಲೂ ನಿಲ್ಲಗೊಡದ ಒಟ್ಲು ಯಾವ ಸೀಮೆಯಲ್ಲಿದೆ? ಆ ಎಳ್ಳುಕಾಳಿಗೆ ಯಾವ ಔಷಧಿಯಾದರೂ ಹಿಡಿಯಿತೇ? ಹಿಡಿದಿದ್ದರೂ, ಹಿಡಿಯದಿದ್ದರೂ ತಿಳಿಸಿ. ನನಗಲ್ಲ, ದೀಪಿಕಳಿಗೆ. ನಾನಾದರೆ ಮರೆತೇನು, ಅವಳು ಕಾಯುತ್ತಿದ್ದಾಳೆ.

ಇಂತಿ,
ರಾಜಕುಮಾರನನ್ನು ಇನ್ನೂ ನೀರಿನಲ್ಲೇ ನಿಲ್ಲಿಸಿಕೊಂಡಿರುವ
ಸಿದ್ದರಾಜು